ನಲವತ್ತನೆಯ ಸೂಜಿ

ಬೆಳಗಿನ ಆರೂಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ, ಒಬ್ಬರು ನಿಂತರೆ ಇನ್ನೊಬ್ಬರು ಕೂರಲೇಬೇಕಾದಷ್ಟು ಇಕ್ಕಟ್ಟಾದ ರಿಪೇರಿ ಹೊಲಿಗೆಯಂಗಡಿ. ಅರವತ್ತೆರಡು ವರ್ಷದ ಎತ್ತರದ ಆಳು ಶಟರ್ ಎತ್ತಿ, ತಲೆ ತಗ್ಗಿಸಿ ಒಳಗೆ ಬಂದು, ದೀಪ ಹಾಕಿ, ಹಲಗೆಗೆ ಚುಚ್ಚಿಟ್ಟ ಸೂಜಿಗಳನ್ನು ಎಣಿಸುತ್ತಾರೆ. ತುಟಿ ಅಲ್ಲಾಡುತ್ತದೆ, ಸದ್ದಿಲ್ಲ. ಲೆಕ್ಕ ಸರಿಹೋದ ಮೇಲೆಯೇ ಸ್ಟೂಲಿನ ಮೇಲೆ ಕೂರುವುದು. ಓಣಿಯವರು ಅವರನ್ನು ಎಣಿಕೆ ಮಾಮ ಎಂದೇ ಕರೆಯುತ್ತಾರೆ.

ಏಳಕ್ಕೆ ಅಂಗಡಿಯ ಮಾಲೀಕ ಬರುತ್ತಾರೆ. ಮಾಮನಿಗೆ ಹೊಲಿಗೆ ಕಲಿಸಿದವರು ಅವರೇ. "ಬನ್ನಿ ಮೇಷ್ಟ್ರೇ" ಎಂದು ಮಾಮ ಎದ್ದು ನಿಲ್ಲುತ್ತಾರೆ. "ಕೂತ್ಕೊಳ್ಳಿ ಸಾಹೇಬ್ರೇ" ಎನ್ನುತ್ತಾರೆ ಮೇಷ್ಟ್ರು. ಶಿಷ್ಯನನ್ನು ಸಾಹೇಬ್ರೇ ಎನ್ನುವ ಗುರುವನ್ನು ಕಂಡು ಗಿರಾಕಿಗಳು ನಗುತ್ತಾರೆ. ಕಾರಣ ಕೇಳಿದವರ ನಗು ಅಲ್ಲೇ ನಿಲ್ಲುತ್ತದೆ. ಎಣಿಕೆ ಮಾಮ ಮೂವತ್ತು ವರ್ಷ ಜೈಲಿನ ವಾರ್ಡರ್ ಆಗಿದ್ದವರು. ಮೇಷ್ಟ್ರು ಅದೇ ಜೈಲಿನಲ್ಲಿ ಹನ್ನೊಂದು ವರ್ಷ ಕೈದಿಯಾಗಿದ್ದವರು. ಯಾವ ತಪ್ಪಿಗೆ ಎಂಬುದು ಇಲ್ಲಿ ಬೇಡ, ಶಿಕ್ಷೆ ಮುಗಿದಿದೆ.

ಮಾಮನಿಗೆ ಜೈಲಿನ ಹೊಲಿಗೆ ಕೋಣೆಯ ಪಹರೆ. ಬೆಳಿಗ್ಗೆ ಕತ್ತರಿ, ಸೂಜಿ ಎಣಿಸಿ ಕೊಡಬೇಕು, ಸಂಜೆ ಎಣಿಸಿ ತೆಗೆದುಕೊಳ್ಳಬೇಕು. ಇಪ್ಪತ್ತೆರಡು ವರ್ಷ ಹೊಲಿಗೆಯನ್ನು ನಿಂತು ನೋಡಿದ ಮನುಷ್ಯ ಒಂದು ಗುಂಡಿಯನ್ನೂ ಹಚ್ಚಿದವರಲ್ಲ. ನಾಲ್ಕು ವರ್ಷದ ಹಿಂದೆ ನಿವೃತ್ತರಾದರು, ಮನೆಯೇ ಜೈಲಾಯಿತು.

"ನಾನು ಸ್ನಾನಕ್ಕೆ ಹೋದ್ರೆ ಹೊರಗೆ ನಿಂತು ಗಡಿಯಾರ ನೋಡೋರು" ಎನ್ನುತ್ತಾರೆ ಅವರ ಹೆಂಡತಿ. "ಅಡುಗೆಮನೆ ಚಾಕು ದಿನಕ್ಕೆರಡು ಸಲ ಎಣಿಸೋರು. ಮೂವತ್ತು ವರ್ಷ ಸಂಬಳಕ್ಕೆ ಕಾದ್ರು, ಆಮೇಲೆ ನನ್ನನ್ನ ಪುಕ್ಕಟೆ ಕಾದ್ರು."

ನಿದ್ದೆ ಎರಡು ಗಂಟೆಗೆ ಇಳಿಯಿತು. ರಕ್ತದೊತ್ತಡ ನೂರಾ ಎಂಬತ್ತು ಮುಟ್ಟಿತು. ಕೈಗೆ ಏನಾದರೂ ಕೆಲಸ ಹಚ್ಚಿಕೊಳ್ಳಿ ಎಂದರು ಡಾಕ್ಟರು. ಎರಡು ವರ್ಷದ ಹಿಂದೆ ಹೆಂಡತಿ ಹರಿದ ಪರದೆಯೊಂದನ್ನು ಕೈಗಿತ್ತು ಈ ಅಂಗಡಿಗೆ ಅಟ್ಟಿದರು. ಒಳಗೆ ಕೂತಿದ್ದ ಮೇಷ್ಟ್ರ ಗುರುತು ಮಾಮನಿಗೆ ಹತ್ತಿತು. ಪರದೆ ಕೊಟ್ಟರು, ವಾಪಸು ಹೋಗಲಿಲ್ಲ. ಹಳೆಯ ಅಭ್ಯಾಸ, ಒಂದು ಗಂಟೆ ಬಾಗಿಲಲ್ಲೇ ನಿಂತು ನೋಡಿದರು. "ನಿಂತು ನೋಡಿದ್ದು ಸಾಕು ಸಾಹೇಬ್ರೇ, ಈಗ ಕೂತ್ಕೊಳ್ಳಿ" ಎಂದು ಮೇಷ್ಟ್ರು ಸ್ಟೂಲು ಸರಿಸಿದರು.

ಮೊದಲ ಆರು ತಿಂಗಳು ಮಾಮ ಹಾಕಿದ ಹೊಲಿಗೆ ಮಳೆ ಕೊರೆದ ಚರಂಡಿಯಂತೆ ಸೊಟ್ಟಗಿತ್ತು. ಈಗ ದಿನಕ್ಕೆ ಹದಿನೆಂಟು ಪ್ಯಾಂಟುಗಳ ಕಾಲು ಮಡಿಸುತ್ತಾರೆ, ಆರೇಳು ಜಿಪ್ ಬದಲಿಸುತ್ತಾರೆ, ಗುಂಡಿಗಳಿಗೆ ಲೆಕ್ಕವಿಲ್ಲ. ಗುಂಡಿಗೆ ಲೆಕ್ಕವಿಲ್ಲ ಎಂದು ಈ ಮನುಷ್ಯನ ಬಾಯಲ್ಲೇ ಕೇಳಿ ಹೆಂಡತಿ ಬೆಚ್ಚಿಬಿದ್ದರಂತೆ. ರಕ್ತದೊತ್ತಡ ನೂರಾ ಮೂವತ್ತೈದಕ್ಕೆ ಬಂತು. ಆರು ಗಂಟೆ ಕಣ್ಣು ತುಂಬ ನಿದ್ದೆ. "ಹೊಲೀತಾ ಇದ್ರೆ ತಲೇಲಿ ಬೂಟಿನ ಸದ್ದು ಬರಲ್ಲ" ಎನ್ನುತ್ತಾರೆ ಮಾಮ.

ಒಂದು ವಿಷಯದಲ್ಲಿ ಮಾತ್ರ ಗುರುವಿನ ಮಾತಿಗೆ ಅವರು ಜಗ್ಗಲಿಲ್ಲ. ಹೊಲಿಗೆ ಕಲಿಯುವ ಮೊದಲು ಬಿಚ್ಚುವುದು ಕಲಿಯಬೇಕು, ನಿಮ್ಮ ಚಳಿಗಾಲದ ಯೂನಿಫಾರ್ಮ್ ಕೋಟು ತನ್ನಿ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಮಾಮ ಹಳೆಯ ಅಂಗಿ ತಂದರು, ದಿಂಬಿನ ಚೀಲ ತಂದರು, ಕೋಟು ತರಲಿಲ್ಲ. ಸೇವೆಯ ಕೋಟಿಗೆ ಬ್ಲೇಡು ಹಾಕುವುದುಂಟೆ? ತಿಂಗಳಿಗೊಮ್ಮೆಯಾದರೂ ಮೇಷ್ಟ್ರು ಕೇಳುವರು, "ಆ ಕೋಟು ತರಲಿಲ್ವಾ?" ಮುದುಕನ ಹಟ ಎಂದು ಮಾಮ ನಕ್ಕು ಸುಮ್ಮನಾಗುವರು.

ಈ ವರ್ಷ ಕೋಟಿಗೆ ಹುಳು ಬಿತ್ತು. ಒಂದು ಮಧ್ಯಾಹ್ನ ಕಿಟಕಿಯ ಬೆಳಕಿನಲ್ಲಿ ಕೂತು, ಇದ್ದ ಬಟ್ಟೆಯಲ್ಲಿ ಚೀಲವಾದರೂ ಆಗಲಿ ಎಂದು ಮಾಮ ಅದನ್ನು ಬಿಚ್ಚತೊಡಗಿದರು. ತೋಳು ಬಂತು, ಕಾಲರ್ ಬಂತು. ಬಲಭುಜ ಎತ್ತರಿಸಲು ಒಳಗಿಟ್ಟ ಹತ್ತಿಯ ಪಟ್ಟಿ ಕೀಳುವಾಗ ಬೆರಳಿಗೆ ಏನೋ ತಾಗಿತು. ಎಳೆದು ನೋಡಿದರು. ಸೂಜಿ. ದಾರ ಪೋಣಿಸುವ ಕಣ್ಣಿನ ಪಕ್ಕ ಹಸಿರು ಬಣ್ಣದ ಚುಕ್ಕೆ. ಜೈಲಿನ ಸೂಜಿಗಳಿಗೆ ಮಾತ್ರ ಹಚ್ಚುತ್ತಿದ್ದ ಚುಕ್ಕೆ.

ಇದನ್ನು ಹೇಳುವಾಗ ಮಾಮನ ಕೈ ಪ್ಯಾಂಟಿನ ಮಡಿಕೆಯ ಮೇಲೆ ಹಾಗೇ ನಿಂತಿದೆ.

ಒಂಬತ್ತು ವರ್ಷದ ಹಿಂದಿನ ಮಾತು. ಹೊಲಿಗೆ ಕೋಣೆಯಲ್ಲಿ ನಲವತ್ತು ಸೂಜಿ ಇರಬೇಕಿತ್ತು, ಸಂಜೆ ಮೂವತ್ತೊಂಬತ್ತು ಸಿಕ್ಕಿತು. ಅಂದು ಬೆಳಿಗ್ಗೆ ಮಾಮ ತಮ್ಮ ಕೋಟಿನ ಭುಜ ಹೊಲಿಯಲು ಮೇಷ್ಟ್ರಿಗೇ ಕೊಟ್ಟಿದ್ದರು. ಮೇಲಧಿಕಾರಿ ಬರುತ್ತಿದ್ದಾರೆಂಬ ಸುದ್ದಿ ಬಂದು, ಹೊಲಿಗೆ ಮುಗಿಯುವ ಮೊದಲೇ ಕೋಟು ಕಿತ್ತುಕೊಂಡು ತೊಟ್ಟಿದ್ದರು. ಸಂಜೆ ಹಾಸಿಗೆ ಕೊಡವಿಸಿದರು, ನೆಲ ಗುಡಿಸಿದರು, ಎಲ್ಲರ ಬಟ್ಟೆ ಬಿಚ್ಚಿಸಿದರು. ಇಡೀ ಜೈಲು ತಡಕಾಡುವಾಗ ಸೂಜಿ ಅವರ ಹೆಗಲ ಮೇಲೆಯೇ ಇತ್ತು.

"ಅವರು ಹೇಳಿದ್ರು" ಎನ್ನುತ್ತಾರೆ ಮಾಮ. "ಸಾಹೇಬ್ರೇ, ನಿಮ್ಮ ಕೋಟಲ್ಲಿ ನೋಡಿ ಅಂದ್ರು. ನನ್ನ ಮೇಲೇ ಹಾಕ್ತೀಯಾ ಅಂತ ಅದನ್ನೂ ಸೇರಿಸಿ ಅವರ ಮೇಲೆ ರಿಪೋರ್ಟ್ ಬರೆದೆ."

ಬರೆದದ್ದಕ್ಕೆ ಶಿಕ್ಷೆಯಾಯಿತು. ಬಿಡುಗಡೆಗೆ ಹದಿನೈದು ದಿನವಿದ್ದ ಕೈದಿಗೆ ಇನ್ನೂ ಎರಡು ತಿಂಗಳು. ಆ ಎರಡು ತಿಂಗಳಲ್ಲೇ ಅವರ ಒಬ್ಬಳೇ ಮಗಳ ಮದುವೆ. ಯಾರನ್ನೋ ಚುಚ್ಚಲು ಅಪ್ಪ ಸೂಜಿ ಬಚ್ಚಿಟ್ಟಿದ್ದ ಎಂಬ ಸುದ್ದಿ ಅವಳಿಗೆ ಮುಟ್ಟಿತು. ಅಂದಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು.

ಮಾಮ ಹನ್ನೆರಡು ದಿನ ಜ್ವರವೆಂದು ಸುಳ್ಳು ಹೇಳಿ ಅಂಗಡಿಯ ಕಡೆ ಸುಳಿಯಲಿಲ್ಲ. ನಿದ್ದೆ ಹೋಯಿತು, ರಕ್ತದೊತ್ತಡ ಮತ್ತೆ ಏರಿತು. ಸೂಜಿಯನ್ನು ಚರಂಡಿಗೆ ಎಸೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಸ್ಟೂಲು ಉಳಿಯುತ್ತಿತ್ತು. "ಹೇಳಿದ್ರೆ ಆ ಸ್ಟೂಲು ಹೋಗತ್ತೆ, ಅದು ಹೋದ್ರೆ ನಾನೂ ಹೋಗ್ತೀನಿ ಅನ್ನಿಸ್ತು. ಆದ್ರೂ ಎಸೆಯೋಕೆ ಕೈ ಬರಲಿಲ್ಲ." ಹದಿಮೂರನೆಯ ದಿನ ಹೋಗಿ ಸೂಜಿಯನ್ನು ಮೇಜಿನ ಮೇಲಿಟ್ಟರು.

ಮೇಷ್ಟ್ರು ಅದನ್ನು ಮುಟ್ಟಲಿಲ್ಲ. ದನಿಯನ್ನೂ ಏರಿಸಲಿಲ್ಲ. "ಆವತ್ತೇ ಹೇಳಿದ್ನಲ್ಲ" ಎಂದರು.

ಮಾಮನಿಗೆ ಆಗ ಹೊಳೆಯಿತು. ಎರಡು ವರ್ಷದಿಂದ ಕೋಟು ಕೋಟು ಎಂದು ಕೇಳುತ್ತಿದ್ದುದು ಇದಕ್ಕೇ. ಹಾಗಾದರೆ ಸ್ಟೂಲು ಸರಿಸಿದ್ದೂ ಇದಕ್ಕೇನೆ? ಬಾಯಿ ಬಿಟ್ಟು ಕೇಳಿಯೇಬಿಟ್ಟರು.

"ಮೊದ್ಲು ಅದಕ್ಕೇ" ಎಂದರು ಮೇಷ್ಟ್ರು. "ಆಮೇಲಾಮೇಲೆ ನೀವು ಬರದಿದ್ರೆ ಅಂಗಡಿ ಭಣಗುಟ್ಟೋದು." ಮೆಷಿನ್ನಿನ ಕಡೆ ತಿರುಗಿ ಹೇಳಿದರು, "ನನ್ ಮಾತು ನನ್ ಮಗಳು ನಂಬಲ್ಲ ಸಾಹೇಬ್ರೇ. ನೀವು ಹೋಗಿ ಹೇಳಿ."

ಬೈಯದೆ ಹೇಗೆ ಕಳಿಸಿದಿರಿ, ಕೋಪ ಬರಲಿಲ್ಲವೇ ಎಂದು ಕೇಳಿದರೆ ಮೇಷ್ಟ್ರು ಮೆಷಿನ್ನಿನಿಂದ ತಲೆ ಎತ್ತುವುದಿಲ್ಲ. "ಬಂದಿತ್ತು" ಎನ್ನುತ್ತಾರೆ, ಅಷ್ಟೇ.

ಕಳೆದ ತಿಂಗಳು ಮಾಮ ಮೂರು ಗಂಟೆ ಬಸ್ಸಿನಲ್ಲಿ ಹೋಗಿ ಆ ಮಗಳ ಮನೆಯ ಬಾಗಿಲು ತಟ್ಟಿದರು. ಮೂವತ್ತು ವರ್ಷ ಬೇರೆಯವರ ತಪ್ಪು ಬರೆದವರಿಗೆ ತಮ್ಮದನ್ನು ಹೇಳಲು ಮಾತು ಸಿಗಲಿಲ್ಲ. ಕೊನೆಗೆ ಸೂಜಿ ತೋರಿಸಿ, ತಪ್ಪು ನನ್ನದಮ್ಮ, ನಿಮ್ಮಪ್ಪನದಲ್ಲ ಎಂದರು. ಅವಳು ಒಳಗೆ ಕರೆಯಲಿಲ್ಲ, ಬೈಯಲೂ ಇಲ್ಲ. ಬಾಗಿಲ ಚೌಕಟ್ಟು ಹಿಡಿದು ಸೂಜಿಯನ್ನೇ ನೋಡಿದಳು.

ಅವಳು ಅಪ್ಪನನ್ನು ನೋಡಲು ಇನ್ನೂ ಬಂದಿಲ್ಲ. ಬರಬಹುದೆಂದು ಮಾಮ ನಂಬಿದ್ದಾರೆ. ಅವರಿಗಿರುವುದು ಅದೊಂದೇ ಆಸೆ. ನಂಬಿಕೆಗೆ ಕಾರಣ ಕೇಳಿದರೆ, ಬಾಗಿಲು ಹಾಕುವ ಮುಂಚೆ ಅವಳು ಕೇಳಿದ ಮಾತನ್ನು ಹೇಳುತ್ತಾರೆ.

"ಅಪ್ಪಂಗೆ ಜೈಲಲ್ಲಿದ್ದಾಗ್ಲೇ ಕಣ್ಣು ಮಂಜಾಗಿತ್ತು, ಈಗ ಯಾರು ಸೂಜಿಗೆ ದಾರ ಪೋಣಿಸಿಕೊಡ್ತಾರೆ ಅಂತ ಕೇಳಿದ್ಲು. ನಾನೇ ಅಮ್ಮ ಅಂದೆ. ಬೆಳಿಗ್ಗೆ ಅವರು ಬರೋ ಹೊತ್ತಿಗೆ ಎಲ್ಲಾ ಪೋಣಿಸಿಟ್ಟಿರ್ತೀನಿ."