ಎಣಿಕೆಯ ದಿನ ಹುಟ್ಟಿದ ಕೂಸು

ಆ ಮಾತು ಮೊದಲು ಬಂದದ್ದು ನನ್ನ ಅಕ್ಕನ ಬಾಯಿಂದ. ತೊಂಬತ್ತರ ದಶಕದ ನಡುವಿನ ಒಂದು ದೀಪಾವಳಿ. ಹಬ್ಬಕ್ಕೆಂದು ಕನ್ನೊಳ್ಳಿಯಿಂದ ಸಿಂದಗಿಗೆ, ತವರಿಗೆ ಬಂದವಳು ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಎಂಟು ತಿಂಗಳ ಬಸುರಿ. ಮೊದಲನೆಯವನು ಗಂಡು, ನಾಲ್ಕು ವರ್ಷದವನು. ಈ ಸಲ ಹೆಣ್ಣೇ ಎಂದು ಅವಳಿಗೆ ಹೇಗೋ ಖಾತ್ರಿಯಾಗಿತ್ತು.

“ಗಂಡಹುಡುಗನ ಚಿಂತಿ ನನಗಿಲ್ಲ ತಮ್ಮಾ, ಅವನ್ನ ಹೆಂಗರ ಮಾಡಿ ಕಲಸ್ತಾರ,” ಅಂದಳು. “ಹೆಣ್ಣು ಹುಟ್ಟಿದ್ರ, ಹುಟ್ಟಿದ ದಿನಾನ ಅದರ ಕಾಲೇಜಿನ ರೊಕ್ಕ ಯಾರರ ಬ್ಯಾರೆ ತಗದಿಡಬೇಕು. ಅಪ್ಪ ಆಗಲಿ, ಅಣ್ಣ ಆಗಲಿ, ಯಾರೂ ಮುಟ್ಟಬಾರದಂಗ.”

ಅದು ಸುಮ್ಮನೆ ಆಡಿದ ಮಾತಾಗಿರಲಿಲ್ಲ. ಹತ್ತನೆಯ ಇಯತ್ತೆಯನ್ನು ಅಕ್ಕ ಮೊದಲ ದರ್ಜೆಯಲ್ಲಿ ಪಾಸಾಗಿದ್ದಳು. ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಅಪ್ಪ, ಒಂದು ವರ್ಷ ತಡಿ, ನೋಡೋಣ ಎಂದಿದ್ದ. ಒಂದು ವರ್ಷ ಎರಡಾಯಿತು. ಅಷ್ಟರಲ್ಲಿ ನಾನೂ ಹತ್ತನೆಯದು ಮುಗಿಸಿದೆ. ಕಾಲೇಜಿಗೆ ನಾನು ಹೋದೆ, ಕನ್ನೊಳ್ಳಿಗೆ ಅವಳು ಹೋದಳು. ನಾನು ಕಾಲೇಜಿಗೆ ಹೊರಟ ಮೊದಲ ದಿನ ತಂಬಿಗೆಯಲ್ಲಿ ಕೆಂಡ ತುಂಬಿ ನನ್ನ ಅಂಗಿಗೆ ಇಸ್ತ್ರಿ ಮಾಡಿದವಳು ಅವಳೇ. ಆಗ ಒಂದು ಮಾತನ್ನೂ ಆಡಿರಲಿಲ್ಲ.

ಆ ದೀಪಾವಳಿಯ ಹೊತ್ತಿಗೆ ನಾನು ಊರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕ. ಒಂದು ಕಡೆ ಕೂಡುವ ಕಾಲು ನನ್ನವಲ್ಲ. ಪಾಠ ಮಾಡುವಾಗಲೂ ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದೆ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ತಳಮಳ ಒಳಗೆ ಯಾವಾಗಲೂ ಇತ್ತು. ಅಷ್ಟರಲ್ಲಿ ವಿಧಾನಸಭೆಯ ಚುನಾವಣೆ ಬಂತು. ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದ, ಅರಳೆ ಮಿಲ್ಲಿನ ಸಾಹುಕಾರರೊಬ್ಬರು ನಿಂತರು. ಭಾಷಣ, ಹ್ಯಾಂಡ್‌ಬಿಲ್ ಬರೆದುಕೊಡಲು ನನ್ನನ್ನು ಕರೆಸಿದರು. ಆರಿಸಿ ಬಂದರೆ ನನ್ನ ಕೆಲಸ ಕಾಯಂ ಮಾಡುವ ಮಾತೂ ಅಲ್ಲೇ ಬಂತು.

ರಸ್ತೆ, ಕಾಲುವೆ, ಬೋರವೆಲ್ಲು ಎಲ್ಲರೂ ಹೇಳುವುದೇ, ಹೆಣ್ಣುಮಕ್ಕಳು ತಿರುಗಿ ನೋಡುವಂಥದ್ದು ಏನಾದರೂ ಬರೆಯಿರಿ ಎಂದರು. ಜೀಪಿನಲ್ಲಿ ಕುಳಿತೇ ಬರೆದೆ. ‘ಹುಟ್ಟುವ ಪ್ರತಿ ಕೂಸಿನ ಹೆಸರಿಗೆ ಸರ್ಕಾರವೇ ಖಾತೆ ತೆರೆದು ರೊಕ್ಕ ಇಡುವುದು. ಹದಿನೆಂಟು ತುಂಬುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಅದು ಆ ಕೂಸಿನ ಕಾಲೇಜಿಗೇ.’ ಸಾಹುಕಾರರು ಎರಡು ಸಲ ಓದಿಸಿ ಕೇಳಿದರು. ಸರ್ಕಾರ ರೊಕ್ಕ ಎಲ್ಲಿಂದ ತರುತ್ತದೆ ಎಂದು ಅವರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ.

ಸಿಂದಗಿಯ ಛಾಪಖಾನೆಗಳಿಗೆಲ್ಲ ಎದುರು ಪಕ್ಷದ ಕೆಲಸ ಹಿಡಿದಿತ್ತು. ನಾನು ಇಂಡಿಗೆ ಹೋದೆ. ಅಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಹಾಳೆಯನ್ನು ಅಳೆದು ನೋಡಿ, ಕೆಳಗೆ ಒಂದು ಸಾಲಿನ ಜಾಗ ಬೋಳಾಗಿ ಉಳಿಯುತ್ತದೆ, ಏನಾದರೂ ಕೊಡಿ ಎಂದರು. ನಿಂತ ನಿಲುವಿನಲ್ಲಿ ಒಂದು ಸಾಲು ಹೇಳಿದೆ: ‘ಮತ ಎಣಿಕೆಯ ದಿನ ಹಾಗೂ ಆ ನಂತರ ಹುಟ್ಟುವ ಮಕ್ಕಳಿಗೆ ಮಾತ್ರ.’ ಕಾನೂನಿನ ಕಾಗದದಂತೆ ಕಾಣಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಜಾಗ ತುಂಬಿತು.

ಆ ಹ್ಯಾಂಡ್‌ಬಿಲ್ ನಾನು ಎಣಿಸಿದ್ದಕ್ಕಿಂತ ದೂರ ಓಡಿತು. ಇಂಡಿಯ ಕಡೆಯ ಅಭ್ಯರ್ಥಿ ಸಾಲೋಟಗಿಯ ಸಭೆಯಲ್ಲಿ ಅದನ್ನೇ ಓದಿದರಂತೆ. ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಹಂಚಿದರು. ಮುದ್ದೇಬಿಹಾಳದ ಒಂದು ಗೋಡೆಯ ಮೇಲೆ ನನ್ನ ಸಾಲುಗಳನ್ನು ನೀಲಿ ಬಣ್ಣದಲ್ಲಿ ನಾನೇ ನೋಡಿದೆ. ಬಸ್ಸು ಹೊರಡುವ ತನಕ ಅದರ ಮುಂದೆ ನಿಂತಿದ್ದೆ. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕನ್ನೊಳ್ಳಿಯ ಸಭೆಗೆ ಅಕ್ಕನೂ ಬಂದಿದ್ದಳು. ಸಭೆ ಮುಗಿದ ಮೇಲೆ ನನ್ನನ್ನು ಮನೆಗೆ ಕರೆದು ಚಹಾ ಕೊಟ್ಟು, ಹ್ಯಾಂಡ್‌ಬಿಲ್ ತೋರಿಸಿದಳು. ನಾನು ಅಂದಂಗ ಬೆಂಗಳೂರಾಗೂ ಯಾರೋ ಅಂದಾರ ನೋಡು ಎಂದಳು. ಅವಳ ಲೆಕ್ಕದಲ್ಲಿ ಇಂಥ ಮಾತು ಮೇಲಿನವರು ಕೂತು ವಿಚಾರ ಮಾಡಿ ಬರೆದದ್ದು, ನಾನು ಜೀಪಿನ ಹಿಂದೆ ಕೂತು ತಿರುಗುವವನು. ಅವಳ ಮುಖ ಅರಳಿತ್ತು. ಆ ಹೊತ್ತಿನಲ್ಲಿ ನಿಜ ಹೇಳಿ ಅದನ್ನು ಬಾಡಿಸಲು ಮನಸ್ಸಾಗದೆ ನಕ್ಕು ಸುಮ್ಮನಾದೆ.

ಮತದಾನ ಮುಗಿಯಿತು. ಎಣಿಕೆಯ ಹಿಂದಿನ ದಿನ ಅವ್ವ ಬಾಣಂತಿಗೆಂದು ಮುಂಚೆಯೇ ಮಾಡಿಟ್ಟ ಅಂಟಿನ ಉಂಡಿಯ ಡಬ್ಬಿ ಕೊಟ್ಟು ನನ್ನನ್ನು ಕನ್ನೊಳ್ಳಿಗೆ ಕಳಿಸಿದಳು. ಹೋದಾಗ ಮಧ್ಯಾಹ್ನ. ಅಕ್ಕನ ಗಂಡ, ನಮ್ಮ ಮಾವ, ಆಲಮಟ್ಟಿಯ ಅಣೆಕಟ್ಟಿನ ಕೆಲಸದ ಮೇಲಿದ್ದವರು. ಊರಿಗೆ ಬರುತ್ತಿದ್ದುದು ಶನಿವಾರಕ್ಕೊಮ್ಮೆ. ಅಕ್ಕನ ಅತ್ತೆ ಮೊಮ್ಮಗನನ್ನು ಕರೆದುಕೊಂಡು ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದರು. ಅಕ್ಕ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಕರೆದೆ. ತಿರುಗಿದವಳ ಹಣೆ ಚಳಿಗಾಲದಲ್ಲೂ ಬೆವತಿತ್ತು. ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಮುಂಜಾನಿಂದ ಬ್ಯಾನಿ ಬರಾಕತ್ತಾವ. ಯಾರ ಮುಂದೂ ಹೇಳಬ್ಯಾಡ,” ಅಂದಳು. “ಇವತ್ತ ಹುಟ್ಟಿದ್ರ ಕೂಸಿಗೆ ಸಿಗೂದಿಲ್ಲ. ನಾಳೆ ತನಕ ತಡದ್ರ ಸಾಕು.”

ಬೇನೆಯನ್ನು ತಡೆಯಲು ಬರುವುದಿಲ್ಲ ಅಂದೆ. ಕೆಲಸ ಮಾಡದೆ, ಮಾತಾಡದೆ ಸುಮ್ಮನೆ ಮಲಗಿದರೆ ನಿಲ್ಲುತ್ತವೆ, ಮೊದಲನೆಯವನಿಗೆ ಎರಡು ದಿನ ಹಿಡಿದಿತ್ತು ಎಂದು ಅವಳು ನನಗೇ ಧೈರ್ಯ ಹೇಳಿದಳು.

ಆಗ ಹೇಳಬೇಕಿತ್ತು. ಅಕ್ಕಾ, ಆ ಸಾಲು ಜಾಗ ತುಂಬಲು ನಾನು ಹಾಕಿಸಿದ್ದು, ಅದಕ್ಕೆ ಯಾವ ಅರ್ಥವೂ ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾಳೆ. ಅವಳ ಮಾತನ್ನು ಅವಳಿಗೇ ಮಾರಿದೆನೆಂದು ತಿಳಿಯುತ್ತದೆ. ಈಗ ಬಂದೆ ಎಂದು ಹೊರಗೆ ಬಂದುಬಿಟ್ಟೆ. ಬಸ್ಸು ನಿಲ್ಲುವ ಬೇವಿನ ಮರದ ತನಕ ನಡೆದೆ. ತಿರುಗಿ ಬಂದೆ. ಬಾಗಿಲ ಹತ್ತಿರ ನಿಂತು ಅವಳು ಹಲ್ಲು ಕಚ್ಚಿ ನರಳುವುದನ್ನು ಕೇಳಿದೆ. ಮತ್ತೆ ಮರದ ತನಕ ಹೋದೆ. ಒಂದು ಸಲ ಒಳಗೆ ಹೋಗಿ ನೀರು ಕೊಟ್ಟೆ. ಇನ್ನೊಂದು ಸಲ ನರ್ಸಬಾಯಿಯನ್ನು ಕರೆಯಲೇ ಎಂದು ಕೇಳಿದೆ. ಬೇಡವೆಂದು ತಲೆ ಆಡಿಸಿದಳು. ಹೀಗೆ ಎಷ್ಟು ಸಲ ತಿರುಗಿದೆನೋ. ಬಿಸಿಲು ಅಂಗಳ ದಾಟಿ ಎದುರು ಗೋಡೆ ಹತ್ತಿತು.

ಅತ್ತೆ ಹತ್ತಿಯ ಗಂಟು ಹೊತ್ತು ಬಂದಾಗ ಓಡಿಹೋಗಿ ಹೇಳಿದೆ. ಅವರು ಗಂಟು ಅಲ್ಲೇ ಕೆಡವಿ ಒಳಗೆ ಹೋದರು, ಅಷ್ಟೇ ಬೇಗ ಹೊರಗೆ ಬಂದರು. ಹೊದಿಕೆ ತೆಗೆದರೆ ಸೀರೆಯೆಲ್ಲ ಒದ್ದೆ, ರಕ್ತ. ನೀರಿನ ಚೀಲ ಯಾವಾಗಲೋ ಒಡೆದಿತ್ತು.

ಪ್ರಚಾರದ ಜೀಪು ಊರಲ್ಲೇ ನಿಂತಿತ್ತು, ಮೈಕು ಇನ್ನೂ ಬಿಚ್ಚಿರಲಿಲ್ಲ. ಹುಡುಗನನ್ನು ನೆರೆಮನೆಯಲ್ಲಿ ಬಿಟ್ಟು, ಅಕ್ಕನನ್ನು ಅದರಲ್ಲೇ ಮಲಗಿಸಿಕೊಂಡು ಸಿಂದಗಿಗೆ ಹೋದೆವು. ಅಲ್ಲಿಯ ಡಾಕ್ಟರು ನೋಡಿದವರೇ ಬಿಜಾಪುರಕ್ಕೆ ಒಯ್ಯಲು ಹೇಳಿದರು. ಹಾದಿಯುದ್ದಕ್ಕೂ ಅತ್ತೆ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಅವಳ ಕಾಲು ಹಿಡಿದಿದ್ದೆ. ಅಂಗಾಲು ತಣ್ಣಗಾಗುತ್ತ ಹೋಗುವುದು ನನ್ನ ಕೈಗೆ ಗೊತ್ತಾಗುತ್ತಿತ್ತು.

ಮರುದಿನ ಮುಂಜಾನೆ ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ಕೆಲವು ನಿಮಿಷಗಳ ತನಕ ಅಳಲಿಲ್ಲ, ಆಮೇಲೆ ಅತ್ತಿತು. ಸುದ್ದಿ ತಿಳಿದು ಲಾರಿ ಹತ್ತಿ ಬಂದಿದ್ದ ಮಾವ ಸಾಲಿನಲ್ಲಿ ಮೊದಲು ನಿಂತು ರಕ್ತ ಕೊಟ್ಟರು. ನಾನೂ ಕೊಟ್ಟೆ. ಹೆಣ್ಣು ಡಾಕ್ಟರು ಹೊರಗೆ ಬಂದು, ಸಂಜೆಯ ತನಕ ಇವಳನ್ನು ಮನೆಯಲ್ಲಿ ಇಟ್ಟುಕೊಂಡವರು ಯಾರು ಎಂದು ಕೇಳಿದರು. ಆಕಿ ಬಾಯಿಬಿಟ್ಟು ಹೇಳಲಿಲ್ಲ ಎಂದು ಅತ್ತೆ ಅತ್ತರು.

ಅದೇ ಊರಲ್ಲಿ ಅದೇ ದಿನ ಎಣಿಕೆ ನಡೆದಿತ್ತು. ಮಧ್ಯಾಹ್ನದ ಮೇಲೆ ಬೀದಿಯಲ್ಲಿ ಗುಲಾಲು ಹಾರಿತು, ಹಲಿಗೆ ಬಡಿದರು. ನಮ್ಮ ಸಾಹುಕಾರರು ಗೆದ್ದಿದ್ದರು. ಅಕ್ಕನಿಗೆ ಎಚ್ಚರವಾದಾಗ ಹಾಸಿಗೆಯ ಬದಿಗೆ ನಾನೊಬ್ಬನೇ ಇದ್ದೆ. ಅವಳ ತುಟಿ ಕಾಗದದಂತೆ ಬೆಳ್ಳಗಿತ್ತು. ಕೂಸು ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಅಂದೆ. ಯಾವ ದಿನ ಹುಟ್ಟಿತು ಎಂದಳು. ಇವತ್ತೇ, ಎಣಿಕೆಯ ದಿನ ಅಂದೆ. ಕಣ್ಣು ಮುಚ್ಚಿಕೊಂಡು ನಕ್ಕಳು. ಆ ನಗೆ ನೋಡಲಾರದೆ ವರಾಂಡಕ್ಕೆ ಬಂದು ನಿಂತೆ.

ಅವಳಿಗೆ ಮತ್ತೆ ಮಕ್ಕಳಾಗಬಾರದೆಂದು ಡಾಕ್ಟರು ಹೇಳಿ ಕಳಿಸಿದರು. ಒಂದು ವರ್ಷ ತುಂಬಿದ ಕೊಡ ಎತ್ತಲಾಗಲಿಲ್ಲ ಅವಳಿಗೆ.

ಸಾಹುಕಾರರು ಗೆದ್ದರೂ ಅವರ ಪಕ್ಷದ ಸರ್ಕಾರ ಬರಲಿಲ್ಲ. ಕೂಸಿನ ಖಾತೆಯ ಮಾತು ಎಲ್ಲಿಗೆ ಬಂತು ಎಂದು ಕೇಳಿದಾಗ, ನಾವು ವಿರೋಧ ಪಕ್ಷದಾಗ ಕುಂತೇವಲ್ಲರಿ ಮಾಸ್ತರ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನನ್ನ ಕೆಲಸ ಮಾತ್ರ ಕಾಯಂ ಆಯಿತು. ಆದೇಶದ ಕಾಗದ ಕೈಗೆ ಬಂದ ದಿನ ಅವ್ವ ಓಣಿಗೆಲ್ಲ ಪೇಢೆ ಹಂಚಿದಳು. ನನಗೆ ಒಂದನ್ನೂ ತಿನ್ನಲಾಗಲಿಲ್ಲ.

ಕೂಸಿಗೆ ವರ್ಷ ತುಂಬಿದ ಮೇಲೆ ಅಕ್ಕ ಜನನ ಪತ್ರವನ್ನೂ ಹ್ಯಾಂಡ್‌ಬಿಲ್ಲನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಸಿಂದಗಿಗೆ ಬಂದಳು. ಜೊತೆಗೆ ಹೋದವನು ನಾನೇ. ತಾಲ್ಲೂಕು ಕಚೇರಿಯಲ್ಲಿ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರು. ಪೋಸ್ಟಿನಲ್ಲಿ ವಯಸ್ಸಾದ ಪೋಸ್ಟ್‌ಮಾಸ್ತರರು ಚಷ್ಮಾ ಏರಿಸಿಕೊಂಡು ಪೂರ್ತಿ ಓದಿ, ತಾಯಿ ಇದು ಚುನಾವಣೆಯ ಕಾಗದ, ಸರ್ಕಾರದ್ದಲ್ಲ ಎಂದು ಮೆತ್ತಗೆ ಹೇಳಿದರು. ಅಕ್ಕ ಕಾಗದ ಮಡಚಿಕೊಂಡಳು. ಹಾದಿಯಲ್ಲಿ ನಾನು ಕಬ್ಬಿನ ಹಾಲು ಕೊಡಿಸಿ, ಮುಂದಿನ ಸರ್ಕಾರ ಬರಲಿ ತಡಿ ಎಂದೆ. ಇಲ್ಲಿಯ ತನಕ ಸುಮ್ಮನಿದ್ದೆ, ಈ ಸಲ ಬಾಯಿಬಿಟ್ಟು ಸುಳ್ಳು ಹೇಳಿದೆ.

ಐದು ವರ್ಷ ಹಾಗೆಯೇ ಹೋದವು. ಮತ್ತೆ ಚುನಾವಣೆಯ ಗಾಳಿ ಎದ್ದಾಗ ಸಾಹುಕಾರರು ಒಂದು ಮುಂಜಾನೆ ನಮ್ಮ ಮನೆಗೇ ಬಂದರು. ಅಕ್ಕ ಮಗಳ ಕಿವಿ ಚುಚ್ಚಿಸಲು ಬಂದಿದ್ದಳು. ಚಹಾ ತಂದವಳು ಅವಳೇ.

“ಹ್ವಾದ ಸಲ ಕೂಸಿನ ರೊಕ್ಕದ ಮಾತು ನೀವು ಭಾರಿ ಬರದಿದ್ರಿ ಮಾಸ್ತರ,” ಅಂದರು ಸಾಹುಕಾರರು. “ಎಣಿಕಿ ದಿನದ ಆ ಸಾಲಂತೂ ಹೆಣ್ಣುಮಕ್ಕಳ ಮನಸಿನಾಗ ಕುಂತುಬಿಡ್ತು. ಈ ಸಲಾನೂ ಅಂಥಾದ್ದೊಂದು ಹಾಕ್ರಿ.”

ಅಕ್ಕ ಕಪ್ಪುಗಳನ್ನು ಒಂದೊಂದಾಗಿ ಕೆಳಗಿಟ್ಟಳು. ನನ್ನ ಮುಖ ನೋಡಿದಳು. ಒಳಗೆ ಹೋದಳು. ನಾನು ಸಾಹುಕಾರರಿಗೆ ನನ್ನಿಂದ ಇನ್ನು ಆಗುವುದಿಲ್ಲವೆಂದು ಹೇಳಿ, ಅವರ ಬೇಸರ ಕಟ್ಟಿಕೊಂಡು ಕಳಿಸಿ ಒಳಗೆ ಬರುವಷ್ಟರಲ್ಲಿ, ಹಿತ್ತಲ ಬಾಗಿಲಿನಿಂದ ಮಗಳ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿಬಿಟ್ಟಿದ್ದಳು.

ಆ ವರ್ಷ ನಾಗರ ಪಂಚಮಿಗೆ ಅವಳು ತವರಿಗೆ ಬರಲಿಲ್ಲ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ಬಾರದಿದ್ದರೆ ಮನೆಯಲ್ಲಿ ಹಬ್ಬವೇ ಇಲ್ಲ. ಅವ್ವ ಮಾಡಿದ ಶೇಂಗಾದ ಉಂಡಿ, ಎಳ್ಳುಂಡಿ ಕಟ್ಟಿಕೊಂಡು ನಾನು ಕರೆಯಲು ಹೋದೆ. ಅವಳು ಎಮ್ಮೆಗೆ ಮೇವು ಹಾಕುತ್ತಿದ್ದಳು, ನಿಲ್ಲಿಸಲಿಲ್ಲ. ನಾನು ಎಲ್ಲವನ್ನೂ ಹೇಳಿದೆ: ಕಟ್ಟೆಯ ಮೇಲಿನ ಅವಳ ಮಾತು, ಇಂಡಿಯ ಛಾಪಖಾನೆ, ಉಳಿದ ಜಾಗ. ಕೇಳಿ ಮುಗಿಸಿ ಕೈ ತೊಳೆದುಕೊಂಡು ಬಂದು ಎದುರಿಗೆ ಕುಳಿತಳು.

“ಬರದದ್ದಕ್ಕ ನನಗ ಸಿಟ್ಟಿಲ್ಲ. ನೀ ಬರೀಲಿಲ್ಲಂದ್ರ ಇನ್ನೊಬ್ಬ ಬರೀತಿದ್ದ,” ಅಂದಳು. “ಅವತ್ತ ಮಧ್ಯಾಹ್ನ ನಿನ್ನ ಕೈ ಹಿಡಕೊಂಡು ಹೇಳಿದೆ. ಅವಾಗರ ಹೇಳಬೇಕಿತ್ತು.”

ಉತ್ತರಕ್ಕೆ ಕಾಯದೆ ಎದ್ದು ಒಲೆಯ ಕಡೆ ಹೋದಳು. ಊಟಕ್ಕೆ ಹಾಕಿದಳು, ಉಂಡೆ. ಮರುವರ್ಷ ಅವಳಾಗಿಯೇ ಪಂಚಮಿಗೆ ಬಂದಳು, ಜೋಕಾಲಿ ಆಡಿದಳು, ಅವ್ವನ ಜೊತೆ ನಕ್ಕಳು. ನನ್ನ ಜೊತೆಗೂ ಮಾತಿತ್ತು: ಮಳೆ, ಅವ್ವನ ಮೊಣಕಾಲು, ಮಾವನಿಗೆ ಆಲಮಟ್ಟಿಯಲ್ಲಿ ಸಿಕ್ಕ ಕ್ವಾರ್ಟರ್ಸು. ಆದರೆ ತನಗೆ ಏನು ಬೇಕು, ಮಕ್ಕಳ ವಿಷಯದಲ್ಲಿ ಮನಸ್ಸಿನಲ್ಲಿ ಏನಿದೆ ಎಂದು ಅವಳು ಮತ್ತೆಂದೂ ನನ್ನ ಮುಂದೆ ಹೇಳಲಿಲ್ಲ. ಹುಡುಗಿಯ ಫೀಸಿಗೆಂದು ನಾನು ಎರಡು ಸಲ ರೊಕ್ಕ ಕೊಡಲು ಹೋದೆ. ಇರಲಿ, ಐತಿ ಎಂದು ಎರಡು ಸಲವೂ ನನ್ನ ಕಿಸೆಗೇ ತುರುಕಿದಳು.

ಹೊಸ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಹುಡುಗಿ ಹತ್ತನೆಯದು ಪಾಸಾದಳು. ಒಂದು ದಿನ ನಾನು ಪಾಠ ಮಾಡುತ್ತ ಎಂದಿನಂತೆ ಕಿಟಕಿಯ ಹತ್ತಿರ ಬಂದಾಗ, ನಮ್ಮ ಕಾಲೇಜಿನ ಆಫೀಸಿನ ಮುಂದಿನ ಪ್ರವೇಶದ ಸಾಲಿನಲ್ಲಿ ತಾಯಿ ಮಗಳು ನಿಂತಿದ್ದರು. ಬರುವ ಸುದ್ದಿಯನ್ನೇ ಹೇಳಿರಲಿಲ್ಲ. ನಾನು ಹೊರಗೆ ಓಡಿಹೋಗಿ, ಬಿಸಿಲಲ್ಲಿ ಯಾಕೆ ನಿಂತಿರಿ, ಅರ್ಜಿ ಕೊಡಿ, ನಾನು ಒಳಗೆ ಕೊಟ್ಟು ಬರುತ್ತೇನೆ ಎಂದೆ. ಹುಡುಗಿ ಅರ್ಜಿ ಚಾಚಿದಳು. ಅಕ್ಕ ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

“ಸಾಲು ಸಣ್ಣದ ಐತಿ ತಮ್ಮಾ. ನೀ ಕ್ಲಾಸಿಗೆ ಹೋಗು, ಹುಡುಗರು ಕುಂತಾರ,” ಅಂದಳು.

ನಾನು ಕ್ಲಾಸಿಗೆ ಹೋದೆ. ಪಾಠ ಎಲ್ಲಿಗೆ ಬಿಟ್ಟಿದ್ದೆನೋ ನೆನಪಾಗಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪುಟ ತೋರಿಸಿದಳು.