ತಿದ್ದಬಹುದು

ನಮ್ಮಕ್ಕ ಟೀಚರ್. ಕಾಯಂ ಅಲ್ಲ. ಪ್ರತಿ ಬೇಸಿಗೆಯಲ್ಲೂ ‘ಮುಂದಿನ ವರ್ಷ ಬರಲೋ ಬೇಡವೋ’ ಎಂದು ಕೇಳಿಕೊಂಡೇ ಬದುಕಿದವಳು. ಸೀಮೆಸುಣ್ಣವನ್ನು ಮುರಿಯದೆ ಬರೆಯುವುದೇ ಇಲ್ಲವೆಂದು ಮಕ್ಕಳು ಅವಳಿಗಿಟ್ಟ ಹೆಸರು ‘ಅರ್ಧ ಚಾಕ್’. ನನಗೆ ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವಳೂ ಅವಳೇ. ಅವಳು ಬರೆದ ‘ಅ’ದ ಮೇಲೆ ನನ್ನ ಬೆರಳು ಹಿಡಿದು ತಿದ್ದಿಸಿ ತಿದ್ದಿಸಿ, ಕೊನೆಗೆ ಅದು ಗುಂಡುಕಲ್ಲಿನಷ್ಟು ದಪ್ಪವಾಗುತ್ತಿತ್ತು.

ಇವತ್ತು ಅವಳ ತರಗತಿಗೆ ಪರಿವೀಕ್ಷಕಿ ಬರುವವರಿದ್ದರು. ‘ಚಾಕ್ ಕಾಲ ಮುಗೀತು ಟೀಚರ್. ಆನ್‌ಲೈನ್ ಸ್ಲೈಡಲ್ಲಿ ಪಾಠ ಮಾಡಿ ತೋರ್ಸಿ. ಆಮೇಲೆ ಮುಂದಿನ ವರ್ಷದ ಮಾತು’ ಎಂದಿದ್ದರಂತೆ ಹೆಡ್‌ಮಿಸ್. ಹಾಗಾಗಿ ವಾರವಿಡೀ ನಮ್ಮ ಊಟದ ಮೇಜಿನ ಮೇಲೆ ಗ್ರಹಣ. ಸೂರ್ಯ, ಭೂಮಿ, ಭೂಮಿಯ ಬೆನ್ನ ಹಿಂದೆ ಚಂದ್ರ. ಮೂರನ್ನೂ ಬಿಡಿಸಿಕೊಟ್ಟವಳು ನಾನು.

ಬೆಳಿಗ್ಗೆ ಶಾಲೆ ತಲುಪಿ ಅಕ್ಕ ಲಿಂಕನ್ನು ತರಗತಿಯ ಮಕ್ಕಳ ಟ್ಯಾಬ್‌ಗಳಿಗೂ ನನಗೂ ಕಳಿಸಿದಳು. ಹಿಂದೆಯೇ ಫೋನ್ ಮಾಡಿದಳು.

‘ಏನಾದ್ರೂ ಎಡವಟ್ಟಾದ್ರೆ ಅಲ್ಲಿಂದ್ಲೇ ಸರಿ ಮಾಡೇ. ನಂಗೆ ಕೈಕಾಲೇ ಆಡ್ತಿಲ್ಲ.’

‘ಹೋಗಕ್ಕ, ನಾನಿದೀನಲ್ಲ.’

ಮನೆಯಲ್ಲಿ ನನ್ನ ಪಾಪುವನ್ನು ತೊಡೆಯ ಮೇಲೆ ಹಾಕಿಕೊಂಡು ಲ್ಯಾಪ್‌ಟಾಪ್ ತೆರೆದೆ. ಮಗುವಿಗೊಂದರಂತೆ ಬಣ್ಣಬಣ್ಣದ ಬಾಣಗಳು ಪರದೆಗೆ ಒಂದೊಂದಾಗಿ ಬಂದವು. ಹೆಸರು ಹೇಳದೆ ಒಳಬಂದವರಿಗೆಲ್ಲ ಆ ತಂತ್ರಾಂಶವೇ ಒಂದು ಪ್ರಾಣಿಯ ಹೆಸರು ಅಂಟಿಸುತ್ತದೆ. ಮೊಲ, ನರಿ, ಒಂಟೆ. ನೋಡನೋಡುತ್ತಿದ್ದಂತೆ ನರಿ ಸೂರ್ಯನಿಗೆ ಮೀಸೆ ಇಟ್ಟಿತು. ಒಂಟೆ ಭೂಮಿಯನ್ನು ಮೂಲೆಗೆ ದಬ್ಬಿತು.

ಮಕ್ಕಳು ನೋಡಬೇಕಿತ್ತೇ ಹೊರತು ಮುಟ್ಟಬಾರದಿತ್ತು! ಲಿಂಕಿನ ಕೆಳಗೆ ಕಣ್ಣಾಡಿಸಿದೆ. ‘ನೋಡಬಹುದು’, ‘ತಿದ್ದಬಹುದು’ ಎರಡರಲ್ಲಿ ಅಕ್ಕ ಒತ್ತಿದ್ದು ‘ತಿದ್ದಬಹುದು’. ಒತ್ತದೆ ಇನ್ನೇನು? ತಿದ್ದದೆ ಯಾವ ಮಗು ಅಕ್ಷರ ಕಲಿತಿದೆ ಅವಳ ಕೈಯಲ್ಲಿ? ಆದರೆ ಇಲ್ಲಿ ತಿದ್ದುವುದೆಂದರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ.

ಫೋನ್ ಮಾಡಿದೆ. ಆಫ್. ಲಿಂಕನ್ನು ಬದಲಿಸಲು ಅವಳಿಗಷ್ಟೇ ಸಾಧ್ಯ. ಪರಿವೀಕ್ಷಕಿ ಹಿಂದಿನ ಬೆಂಚಿನಲ್ಲಿ ಕೂತಾಗಿರಬೇಕು. ಮೀಸೆಯ ಸೂರ್ಯ ಗೋಡೆಯಷ್ಟಗಲ ಹಲ್ಕಿರಿಯುತ್ತಿರಬೇಕು. ಮೀಸೆ ಅಳಿಸಿದೆ. ಭೂಮಿಯನ್ನು ಎಳೆದು ತಂದೆ. ಪಾಪು ಅಳತೊಡಗಿತು. ‘ಇರು ಬಂಗಾರ, ದೊಡ್ಡಮ್ಮನ ಕೆಲಸ ಹೋಗತ್ತೆ!’

ಇದ್ದಕ್ಕಿದ್ದಂತೆ ಬಾಣಗಳೆಲ್ಲ ನಿಂತವು. ಅಕ್ಕ ಬೈದಳೋ, ಅವಳನ್ನೇ ಹೊರಗೆ ಕಳಿಸಿದರೋ? ಮೊಲ ಮಾತ್ರ ಮೆಲ್ಲಗೆ ಹೊರಟು, ಚಂದ್ರನನ್ನು ಹಿಡಿದು ಸೂರ್ಯನ ಕಡೆ ನಡೆಯಿತು. ಮತ್ತೆ ಶುರುವಾಯಿತಲ್ಲಪ್ಪ! ನಾನು ಚಂದ್ರನನ್ನು ಹಿಂದಕ್ಕೆ ಎಳೆದೆ. ಮೊಲ ಮತ್ತೆ ಎಳೆಯಿತು. ನಾನೂ ಬಿಡಲಿಲ್ಲ.

ಪರದೆಯ ಮೇಲ್ಭಾಗದಲ್ಲಿ ಅಕ್ಕನ ಅಕ್ಷರ ಮೂಡಿತು: ‘ಮುಳ್ಳುಹಂದೀ, ಚಂದ್ರನನ್ನು ಬಿಡು.’

ಯಾವ ಮನೆಯ ಹಠಮಾರಿಯೋ ಇದು ಎಂದು ಬೈದುಕೊಂಡು, ಚಂದ್ರನನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ. ಆ ಸಾಲು ಅಳಿಸಿಹೋಗಿ ಇನ್ನೊಂದು ಬಂತು.

‘ಮುಳ್ಳುಹಂದೀ, ಪಾಪುಗೆ ಹಾಲು ಕುಡಿಸು ಹೋಗು.’

ಬಿಸಿ ಬಾಣಲೆ ಮುಟ್ಟಿದವಳ ಹಾಗೆ ಕೈ ತೆಗೆದೆ. ಎಲ್ಲರ ಹೆಸರೂ ಕಾಣುವ ಆ ಪರದೆಯಲ್ಲಿ ನಮ್ಮ ಹೆಸರು ಮಾತ್ರ ನಮಗೆ ಕಾಣುವುದಿಲ್ಲ. ಮೊಲ ಚಂದ್ರನನ್ನು ಸೂರ್ಯ ಭೂಮಿಗಳ ನಡುವೆ ತಂದು ನಿಲ್ಲಿಸಿತು. ಲ್ಯಾಪ್‌ಟಾಪ್ ಮುಚ್ಚಿ ಪಾಪುವನ್ನು ಎತ್ತಿಕೊಂಡೆ. ಅಕ್ಕನ ಅನ್ನಕ್ಕೆ ನಾನೇ ಕಲ್ಲು ಹಾಕಿದೆನೇ ಎಂದುಕೊಳ್ಳುತ್ತ ಸಂಜೆಯವರೆಗೂ ಬಾಗಿಲಿಗೂ ತೊಟ್ಟಿಲಿಗೂ ಓಡಾಡಿದೆ.

ಅಕ್ಕ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು, ‘ಎಲ್ಲಿ ನಮ್ಮ ಮುಳ್ಳುಹಂದಿ?’

‘ನಾನೇ ಅಂತ ಹೇಗೆ ಗೊತ್ತಾಯ್ತಕ್ಕ?’

‘ಗಲಾಟೆ ತಡೆಯಕ್ಕಾಗ್ದೆ ಎಲ್ರೂ ಕೈ ಮೇಲೆತ್ತಿ ಅಂದೆ. ಒಬ್ಬಳು ಬಂದು ಚಂದ್ರನ್ನ ಸರಿಸಿ ಸೂರ್ಯಗ್ರಹಣ ಮಾಡ್ಲಿ ಅಂದೆ. ಉಳಿದವರ ಕೈಯೆಲ್ಲ ಮೇಲಿದ್ರೂ ಮುಳ್ಳುಹಂದಿ ಓಡಾಡ್ತಾನೇ ಇತ್ತು. ಇಷ್ಟು ಹಠ ನಮ್ಮನೇದೇ ಅಂತ ಗೊತ್ತಾಯ್ತು.’

‘ಪರಿವೀಕ್ಷಕಿ ಏನಂದ್ರು?’

‘ಮಕ್ಕಳ ಕೈಲೇ ಗ್ರಹಣ ಮಾಡ್ಸಿದ್ದು ಹಿಡಿಸ್ತಂತೆ. ಕಾಯಂ ಮಾಡೋದು ನನ್ನ ಕೈಲಿಲ್ಲ, ಮುಂದಿನ ವರ್ಷಕ್ಕಂತೂ ಬನ್ನಿ ಅಂದ್ರು.’ ಅಕ್ಕ ಪಾಪುವನ್ನು ಎತ್ತಿಕೊಂಡಳು. ‘ಆಮೇಲೆ ಮೆಲ್ಲಗೆ ಹತ್ರ ಕರೆದು ನಗ್ತಾ ಹೇಳಿದ್ರು: ಆ ಮುಳ್ಳುಹಂದಿ ಮಗು ಒಂದು ಸ್ವಲ್ಪ ಹಿಂದಿದೆ, ಅದಕ್ಕೆ ಇನ್ನೊಂದ್ಸಲ ತಿದ್ದಿಸಿ, ಅಂತ.’