ಒರತೆಯಲ್ಲಿ ಬಂದ ಬಟನ್

ನಾನು ಸಿಸ್ಟರ್‌ಗಳ ಶಾಲೆಯಲ್ಲಿ ಓದಿದವಳು. ದೆವ್ವ, ಗಾಳಿ ಎಂದು ಬಾಯಿ ಬಿಟ್ಟರೆ ಅಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮದುವೆಯಾಗಿ ಮಸ್ಕಿಗೆ ಬಂದ ಮೇಲೂ ಇಂಥ ಮಾತು ಕೇಳಿದರೆ ಒಳಗೊಳಗೇ ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆಯೇ ಎಂದರೆ ಅದೂ ಗೊತ್ತಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಆ ಬೇಸಿಗೆ ನಾಲ್ಕು ದಿನದಿಂದ ನಳ ಬಂದಿರಲಿಲ್ಲ. ನನ್ನ ಪುಟ್ಟ ಮಗಳು ರೂಪಾಗೆ ವಾಂತಿ-ಭೇದಿ. ಉಪ್ಪು ಸಕ್ಕರೆ ಹಾಕಿದ ನೀರು ಕುಡಿಸುತ್ತಲೇ ಇರಿ, ನಿಲ್ಲಿಸಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಒಂದು ತಂಬಿಗೆ ನೀರೂ ಉಳಿಯಲಿಲ್ಲ. ಮಗುವನ್ನು ಅತ್ತೆಯ ಬಳಿ ಬಿಟ್ಟು, ಪಕ್ಕದ ಮನೆಯ ಹನುಮವ್ವನ ಜೊತೆ ಕೊಡ ಹಿಡಿದು ಹಳ್ಳಕ್ಕೆ ಹೊರಟೆ.

ನಮ್ಮ ಓಣಿಯ ಗಟಾರಗಳೆಲ್ಲ ಸೇತುವೆಯ ಬಳಿ ಅದೇ ಹಳ್ಳಕ್ಕೆ ಬೀಳುತ್ತಿದ್ದವು. ಅದಕ್ಕೇ ಹೆಂಗಸರು ಸೇತುವೆಗಿಂತ ಬಹಳ ಮೇಲೆ, ಗಟಾರದ ನೀರು ಮುಟ್ಟದ ಉಸುಕಿನಲ್ಲಿ ಒರತೆ ತೋಡುತ್ತಿದ್ದರು. ಮೊಳದಷ್ಟು ಬಗೆದರೆ ನೀರು ಜಿನುಗುತ್ತಿತ್ತು. ಮೊದಲ ನೀರನ್ನು ಮೂರು ಸಲ ಹೊರಗೆ ಚೆಲ್ಲಿ, ತಿಳಿಯಾದ ಮೇಲೆ ತುಂಬಿಕೊಳ್ಳುವುದು ಅಲ್ಲಿಯ ರೂಢಿ.

"ಇಂಗ್ಲಿಷ್ ಬರಿಯೋ ಕೈಗೆ ಉಸುಕು ಬಗಿಯಾಕ ಬರ್ತೈತೇನ್ರಿ ಅಕ್ಕಾರ?" ಎಂದು ನಗುತ್ತಾ ಹನುಮವ್ವನೇ ತೋಡಿದಳು.

ಮೂರು ಸಲ ಚೆಲ್ಲಿ ನನ್ನ ಕೊಡ ತುಂಬಿದೆ. ನೀರು ತಿಳಿಯಾಗಿತ್ತು. ಕೊನೆಯ ಸಲ ಚರಿಗೆ ಅದ್ದುವಾಗ ತಳದ ಉಸುಕು ಕುದಿದಂತೆ ಸಣ್ಣಗೆ ಅಲುಗಿತು. ಅದರೊಳಗಿಂದ ಒಂದು ಗುಲಾಬಿ ಬಟನ್ ಮೇಲೆ ಬಂತು.

ನಾಲ್ಕು ತೂತು, ಹಸಿರು ದಾರ, ಅಂಚಿನಲ್ಲಿ ಹಲ್ಲಿನ ಗುರುತು. ರೂಪಾಳ ಫ್ರಾಕಿನದು. ಗುಲಾಬಿ ದಾರ ಮುಗಿದಿತ್ತೆಂದು ಹಸಿರಿನಲ್ಲಿ ಹೊಲಿದವಳು ನಾನು, ಕಚ್ಚಿ ಕಚ್ಚಿ ಅಂಚು ಕೆಡಿಸಿದವಳು ಅವಳು. ಅವತ್ತು ಬೆಳಿಗ್ಗೆ ವಾಂತಿಯಾದ ಫ್ರಾಕು ತೊಳೆಯುವಾಗ ಅದು ಕಿತ್ತುಬಂದು, ಬಚ್ಚಲಿನ ತೂತಿನಲ್ಲಿ ಜಾರಿ ಗಟಾರಕ್ಕೆ ಹೋದದ್ದನ್ನು ಕಣ್ಣಾರೆ ನೋಡಿದ್ದೆ.

ಗಟಾರ ಸೇರುವ ಜಾಗ ಅಲ್ಲಿಂದ ಎರಡು ಫರ್ಲಾಂಗು ಕೆಳಗಿತ್ತು. ಕೊಡದ ಬಾಯಿಗೆ ಮೂಗು ಒಡ್ಡಿ ಮೂಸಿದೆ. ನಮ್ಮ ಬಚ್ಚಲಿನದೇ ವಾಸನೆ, ಫಿನಾಯಿಲಿನ ಜೊತೆ ವಾಂತಿಯ ಆ ಹುಳಿ. ಕೊಡ ಉರುಳಿಸಿಬಿಟ್ಟೆ.

"ಹುಚ್ಚು ಹಿಡೀತೇನ್ರಿ? ಅಲ್ಲಿ ಕೂಸು ನೀರು ನೀರು ಅನ್ನಾಕತ್ತೈತಿ, ನೀವಿಲ್ಲಿ ಚೆಲ್ಲಾಕತ್ತೀರಿ." ಹನುಮವ್ವ ಅದೇ ಒರತೆಯಿಂದ ಬೊಗಸೆ ತುಂಬಿ ಕುಡಿದಳು. "ಸಕ್ರಿ ಇದ್ದಂಗ ಐತಿ."

ಬಟನ್ ನನ್ನ ಮುಷ್ಟಿಯಲ್ಲೇ ಇತ್ತು. ಓದಿದವಳು ಹೀಗೆ ಹೆದರಿದಳೆಂದು ಓಣಿಯೆಲ್ಲ ನಕ್ಕೀತು ಅನ್ನಿಸಿ ತೋರಿಸಲಿಲ್ಲ. ಅವಳು ಕೊಡ ತುಂಬಿಕೊಂಡು ಹೋದಳು. ನಾನು ಬಸ್ ನಿಲ್ದಾಣದ ಕಡೆ ಬೋರ್ ಇದ್ದವರ ಮನೆಯಲ್ಲಿ ಬೇಡಿ ಅರ್ಧ ಕೊಡ ತಂದೆ. ಸಂಜೆಗೆ ರೂಪಾ ಎದ್ದು ಕೂತಳು.

ಮೂರನೆಯ ದಿನ ಹನುಮವ್ವನ ಮೊಮ್ಮಗಳಿಗೂ ವಾಂತಿ-ಭೇದಿ ಶುರುವಾಯಿತು. ಲಿಂಗಸುಗೂರಿನ ದವಾಖಾನೆಗೆ ಒಯ್ದರು. ಮಗು ಉಳಿಯಿತು, ಆದರೆ ಎಷ್ಟೋ ದಿನ ಗೋಡೆ ಹಿಡಿದೇ ನಡೆಯುತ್ತಿತ್ತು. ಗಟಾರದ ನೀರು ಉಸುಕಿನೊಳಗೇ ಹಬ್ಬಿರಬೇಕು ಎಂದರು ನನ್ನ ಗಂಡ. ಬಟನ್ ಕೂಡ ಹಾಗೆ ಹಬ್ಬುತ್ತದೆಯೇ ಎಂದು ಕೇಳಿದೆ.

ಒಂದು ದಿನ ಹನುಮವ್ವ ಕೇಳಿದಳು, "ಅಕ್ಕಾರ, ಅವತ್ತು ಯಾಕ ನೀರು ಚೆಲ್ಲಿದ್ರಿ?"

"ಏನೋ ಹುಳ ಕಂಡಂಗಾತು," ಎಂದೆ.

"ಹುಳ ಕಂಡಿದ್ರ ನನಗೂ ಒಂದು ಮಾತು ಹೇಳಬಾರದಿತ್ತೇನ್ರಿ?"

ನಾನು ಒಳಗೆ ಹೋಗಿ ಚಹಕ್ಕಿಟ್ಟೆ. ಆ ಬಟನ್ ಅಲ್ಲಿಗೆ ಹೇಗೆ ಬಂತೋ ಇವತ್ತಿಗೂ ತಿಳಿದಿಲ್ಲ. ನನ್ನೊಬ್ಬಳಿಗೆಂದೇ ಬಂದಿತ್ತೋ, ನಮ್ಮಿಬ್ಬರಿಗೂ ಎಂದು ಬಂದಿತ್ತೋ, ಅದೂ ತಿಳಿದಿಲ್ಲ.